ಲೇನಿನ ಎಣ್ಣೆಗೆ ತಕ್ಕ ಚೆಂಡು

ಹತ್ತು ಪಿನ್ನುಗಳನ್ನು ಬೀಳಿಸುವ ಬೌಲಿಂಗ್ ಆಟದಲ್ಲಿ ಚೆಂಡು ಉರುಳುವ ಲೇನಿನ ಮೇಲೆ ಎಣ್ಣೆ ಸವರಿರುತ್ತಾರೆ ಅನ್ನುವುದೇ ಎಷ್ಟೋ ಜನರಿಗೆ ಗೊತ್ತಿರುವುದಿಲ್ಲ. ಇಲ್ಲಿ ಮಿಷಿಗನ್‌ನಲ್ಲಿ ಕನ್ನಡ ಗೆಳೆಯರು ಮಕ್ಕಳ ಹುಟ್ಟುಹಬ್ಬಕ್ಕೆ ಬೌಲಿಂಗ್ ಸೆಂಟರಿಗೆ ಬಂದಾಗ ರ‍್ಯಾಕಿನಲ್ಲಿ ಸಿಕ್ಕಿದ ಚೆಂಡನ್ನು ಎತ್ತಿ ನೇರ ಉರುಳಿಸುತ್ತಾರೆ. ಅದು ಪ್ಲಾಸ್ಟಿಕ್ ಚೆಂಡು. ಎಣ್ಣೆ ಹೆಚ್ಚಿದ್ದರೂ ಕಡಿಮೆಯಿದ್ದರೂ ಅದರ ದಾರಿ ಅಷ್ಟೇನೂ ಬದಲಾಗದು. ಲೀಗ್ ಸೇರಿ, ನಮ್ಮ ಕೈಯಳತೆಗೆ ತೂತು ಕೊರೆಸಿದ ರಿಯಾಕ್ಟಿವ್ ರೆಸಿನ್ ಚೆಂಡು ಹಿಡಿದ ಮೇಲೆ ಲೆಕ್ಕವೇ ಬೇರೆ. ಹೋದ ವಾರ ಸೊಗಸಾಗಿ ಮುಂಚೂಣಿಯ ಎರಡು ಪಿನ್ನುಗಳ ನಡುವಿನ ಪಾಕೆಟ್‌ಗೆ ಬಂದ ಚೆಂಡು ಈ ವಾರ ಅದೇ ಜಾಗದಿಂದ ಅದೇ ವೇಗದಲ್ಲಿ ಬಿಟ್ಟರೂ ಎಲ್ಲಕ್ಕಿಂತ ಮುಂದಿರುವ ಹೆಡ್ ಪಿನ್ನಿನ ಎಡಕ್ಕೆ ಹೋಗುತ್ತದೆ.

ಸೆಪ್ಟೆಂಬರಿನಿಂದ ಏಪ್ರಿಲ್‌ವರೆಗೆ ನಡೆಯುವ ಚಳಿಗಾಲದ ಲೀಗ್‌ಗಳಲ್ಲಿ ನಾನು ಬಹಳ ವರ್ಷಗಳಿಂದ ಆಡುತ್ತಿದ್ದೇನೆ. ಯಾವ ಲೇನಿಗೆ ಯಾವ ಚೆಂಡು ಎಂದು ಹೇಗೆ ತೀರ್ಮಾನಿಸುತ್ತೇನೆ ಅನ್ನುವುದನ್ನು ಇಲ್ಲಿ ಬರೆಯುತ್ತಿದ್ದೇನೆ. ನಾನು ಬಲಗೈ ಆಟಗಾರ. ಚೆಂಡು 15 ಪೌಂಡ್, ಪರದೆಯ ಮೇಲೆ ಕಾಣುವ ವೇಗ ಗಂಟೆಗೆ 16 ಮೈಲಿಯ ಆಸುಪಾಸು, ಕೈಯಿಂದ ಸಿಗುವ ಸುತ್ತು ಮಧ್ಯಮ. ಎಡಗೈಯವರು ಎಡಬಲಗಳನ್ನು ಅದಲುಬದಲು ಮಾಡಿಕೊಂಡು ಓದಬೇಕು.

ಚೆಂಡು ಬಿಡುವ ಫೌಲ್ ಗೆರೆಯಿಂದ ಹೆಡ್ ಪಿನ್‌ವರೆಗೆ 60 ಅಡಿ. ಅಗಲಕ್ಕೆ 39 ಬೋರ್ಡುಗಳು (ಹಲಗೆಯ ಪಟ್ಟಿಗಳು), ಒಂದೊಂದೂ ಒಂದಿಂಚಿಗಿಂತ ತುಸು ಹೆಚ್ಚು. ಲೀಗ್ ಶುರುವಾಗುವ ಮುನ್ನ ಯಂತ್ರವೊಂದು ಲೇನಿನ ಉದ್ದಕ್ಕೂ ಹರಿದು ಹಳೆಯದನ್ನು ಒರೆಸಿ ಹೊಸ ಎಣ್ಣೆ ಹಾಕುತ್ತದೆ. ಒಂದು ಲೇನಿಗೆ ಸಾಮಾನ್ಯವಾಗಿ 20ರಿಂದ 30 ಮಿಲಿಲೀಟರ್, ಅಂದರೆ ಕೆಲವೇ ಚಮಚ. ಅದೂ ಮೊದಲ 40 ಅಡಿಯ ಸುಮಾರಿಗೆ ನಿಲ್ಲುತ್ತದೆ; ಮುಂದಿನ 20 ಅಡಿ ಒಣ. ಎಣ್ಣೆ ಇರುವಲ್ಲಿ ಚೆಂಡು ಜಾರುತ್ತದೆ, ಒಣ ಜಾಗದಲ್ಲಿ ಹಿಡಿತ ಸಿಕ್ಕಿ ತಿರುಗುತ್ತದೆ, ಆಮೇಲೆ ತಿರುವು ಮುಗಿದು ಮುಂದಕ್ಕೆ ಉರುಳುತ್ತದೆ. ಬಲಗೈಯವರಿಗೆ ಪಾಕೆಟ್ ಇರುವುದು 1 ಮತ್ತು 3ನೇ ಪಿನ್ನುಗಳ ನಡುವೆ, ಬಲದಿಂದ ಎಣಿಸಿದರೆ ಹದಿನೇಳೂವರೆಯ ಬೋರ್ಡಿನಲ್ಲಿ. ಅಲ್ಲಿಗೆ 6 ಡಿಗ್ರಿಗೆ ಹತ್ತಿರದ ಕೋನದಲ್ಲಿ, ಆಗತಾನೇ ಉರುಳಲು ತೊಡಗಿದ ಚೆಂಡು ತಲುಪಿದರೆ ಸ್ಟ್ರೈಕ್, ಅಂದರೆ ಒಂದೇ ಎಸೆತಕ್ಕೆ ಹತ್ತೂ ಪಿನ್ನು, ಬೀಳುವುದು ಹೆಚ್ಚು. ಇನ್ನೂ ಜಾರುತ್ತಿರುವ ಚೆಂಡು ಪಿನ್ನಿಗೆ ತಾಗಿ ಪಕ್ಕಕ್ಕೆ ಸರಿದುಬಿಡುತ್ತದೆ. ಬಹಳ ಮುಂಚೆಯೇ ತಿರುಗಿ ಮುಗಿಸಿದ ಚೆಂಡಿನಲ್ಲಿ ಬಲ ಉಳಿದಿರುವುದಿಲ್ಲ.

ಹಾಗಾಗಿ ಚೆಂಡು ಆರಿಸುವಾಗ ನಾನು ಮೊದಲು ಕೇಳಿಕೊಳ್ಳುವುದು ಅದು ಎಲ್ಲಿ ಜಾರುವುದನ್ನು ನಿಲ್ಲಿಸಬೇಕು ಎಂದು. ಎಷ್ಟು ತಿರುಗಬೇಕು ಅನ್ನುವ ಪ್ರಶ್ನೆ ಆಮೇಲಿನದು. ಅಂಗಡಿಯಲ್ಲಿ ಮಾತ್ರ ಎಲ್ಲರೂ ಎರಡನೆಯದನ್ನೇ ಮೊದಲು ಕೇಳುತ್ತಾರೆ.

ಎಣ್ಣೆ ಹಾಕುವ ನಮೂನೆಯಲ್ಲಿ ಎರಡು ಬಗೆ ಗೊತ್ತಿದ್ದರೆ ಸಾಕು. ಸಾಮಾನ್ಯ ಲೀಗ್‌ಗಳಲ್ಲಿ ಇರುವುದು ಹೌಸ್ ಶಾಟ್: ನಡುವೆ ದಪ್ಪ ಎಣ್ಣೆ, ಎರಡು ಅಂಚುಗಳಲ್ಲಿ ತೆಳು. ಚೆಂಡು ಕೈತಪ್ಪಿ ಹೊರಗೆ ಹೋದರೆ ಒಣ ಜಾಗ ಅದನ್ನು ವಾಪಸು ತರುತ್ತದೆ, ಒಳಗೆ ಬಿದ್ದರೆ ಎಣ್ಣೆ ತಡೆದು ಹಿಡಿಯುತ್ತದೆ. ಸ್ಪೋರ್ಟ್ ಶಾಟ್‌ನಲ್ಲಿ ಎಣ್ಣೆ ಅಗಲಕ್ಕೂ ಹೆಚ್ಚುಕಡಿಮೆ ಸಮವಾಗಿರುತ್ತದೆ. ಅಲ್ಲಿ ಒಂದೆರಡು ಬೋರ್ಡು ತಪ್ಪಿದರೂ ಚೆಂಡು ಪಾಕೆಟ್ ಸೇರುವುದಿಲ್ಲ. ನಮೂನೆಯ ಉದ್ದ ಗೊತ್ತಿದ್ದರೆ 31ರ ಲೆಕ್ಕ ಉಪಯೋಗಕ್ಕೆ ಬರುತ್ತದೆ. ಉದ್ದದಿಂದ 31 ಕಳೆದರೆ, ಎಣ್ಣೆ ಮುಗಿಯುವಲ್ಲಿ ಚೆಂಡು ಬಲದಿಂದ ಎಷ್ಟನೇ ಬೋರ್ಡಿನಲ್ಲಿರಬೇಕು ಅನ್ನುವುದು ಸುಮಾರಾಗಿ ಸಿಗುತ್ತದೆ. 40 ಅಡಿಗೆ 9ನೇ ಬೋರ್ಡು. 35 ಅಡಿಯಾದರೆ 4ನೆಯದು, ಲೇನಿನ ಅಂಚಿನ ಕಾಲುವೆಯಾದ ಗಟರಿನ ಪಕ್ಕಕ್ಕೇ ಹೋಗಬೇಕು. 45 ಅಡಿಯಾದರೆ 14ನೆಯದು.

ಈ ಲೆಕ್ಕವೇ ಚೆಂಡಿನ ಆಯ್ಕೆಯನ್ನೂ ಅರ್ಧ ಹೇಳಿಬಿಡುತ್ತದೆ. ಉದ್ದನೆಯ ನಮೂನೆಯಲ್ಲಿ ತಿರುಗಲು ಉಳಿಯುವುದು 15 ಅಡಿ ಮಾತ್ರ. ಆದ್ದರಿಂದ ಎಣ್ಣೆಯ ನಡುವೆಯೇ ನೆಲ ಕಚ್ಚಲು ತೊಡಗುವ, ಮೈ ಮಂದವಾಗಿರುವ ಬಲವಾದ ಚೆಂಡು ಬೇಕು. ಗಿಡ್ಡ ನಮೂನೆಯಲ್ಲಿ ಒಣ ಜಾಗ 25 ಅಡಿ. ಅಲ್ಲಿ ಅದೇ ಚೆಂಡು ಬಿಟ್ಟರೆ ಗಟರ್ ಪಕ್ಕದಿಂದ ಒಮ್ಮೆಲೇ ಎಡಕ್ಕೆ ಎಗರುತ್ತದೆ. ನಿಧಾನವಾಗಿ, ಒಂದೇ ಸಮನೆ ಬಾಗುವ ಯುರೆಥೇನ್ ಚೆಂಡಿಗೆ ಅದು ಹೇಳಿಮಾಡಿಸಿದ ಜಾಗ.

ಇನ್ನು ಚೆಂಡಿನ ಮೈ. ನನ್ನ ಮಟ್ಟಿಗೆ ಇಡೀ ವಿಷಯದ ತಿರುಳು ಇದೇ. ಪಾಲಿಯೆಸ್ಟರ್ ಅನ್ನುವ ಪ್ಲಾಸ್ಟಿಕ್ ಮೈ, 1980ರ ದಶಕದ ಯುರೆಥೇನ್, 1990ರ ದಶಕದ ಆರಂಭದಲ್ಲಿ ಬಂದ ರಿಯಾಕ್ಟಿವ್ ರೆಸಿನ್, ಹೀಗೆ ಹಿಡಿತ ಹೆಚ್ಚುತ್ತಾ ಬಂತು. ರಿಯಾಕ್ಟಿವ್ ಮೈಯಲ್ಲಿ ಕಣ್ಣಿಗೆ ಕಾಣದ ಸಣ್ಣ ರಂಧ್ರಗಳಿದ್ದು ಅವು ಎಣ್ಣೆ ಹೀರುತ್ತವೆ. ಅದರಲ್ಲೂ ಸಾಲಿಡ್ ಮೈ ಬೇಗ ಹಿಡಿಯುತ್ತದೆ, ಪರ್ಲ್ ಮೈ ಮುಂದಕ್ಕೆ ಜಾರಿ ಕೊನೆಯಲ್ಲಿ ಚುರುಕಾಗಿ ತಿರುಗುತ್ತದೆ, ಹೈಬ್ರಿಡ್ ಇವೆರಡರ ನಡುವೆ. ಇವೆಲ್ಲದರ ಮೇಲೆ ಉಜ್ಜುವ ಅಬ್ರಲಾನ್ ಪ್ಯಾಡಿನ ಗ್ರಿಟ್, ಅಂದರೆ ಉಜ್ಜುಕಾಗದದಂತೆ ಅದರ ಒರಟುತನ ಹೇಳುವ ಸಂಖ್ಯೆ, ಇದೆ. 500, 1000, 2000, 4000, ಆಮೇಲೆ ಪಾಲಿಶ್. ಸಂಖ್ಯೆ ಕಡಿಮೆಯಾದಷ್ಟೂ ಮೈಮೇಲಿನ ಗೀರು ಆಳ. ಮಳೆನೀರಿನಲ್ಲಿ ಕಾರಿನ ಟೈರಿನ ಗೀರುಗಳು ಮಾಡುವ ಕೆಲಸವನ್ನು ಎಣ್ಣೆಯಲ್ಲಿ ಈ ಗೀರುಗಳು ಮಾಡುತ್ತವೆ.

ಇದನ್ನು ಓದಿ ನಂಬುವುದಕ್ಕಿಂತ ಕಣ್ಣಾರೆ ನೋಡಬೇಕೆಂದು ಒಂದು ಬೇಸಿಗೆಯಲ್ಲಿ ನಾನು ಒಂದೇ ಸಾಲಿಡ್ ಚೆಂಡನ್ನು ಹಿಡಿದು ಕೂತೆ. ಹೊಸದಾಗಿ ಎಣ್ಣೆ ಹಾಕಿದ ಲೇನು, ಗುರಿಗೆಂದು ಲೇನಿನ ಮೇಲೆ ಗುರುತಿಸಿರುವ ಬಾಣಗಳಲ್ಲಿ ಎರಡನೆಯದರ ಮೇಲಿಂದಲೇ ಎಸೆತ. ಮೊದಲು ಪಾಲಿಶ್ ಮಾಡಿ, ಇನ್ನೊಮ್ಮೆ ಬಂದಾಗ 4000ಕ್ಕೆ ಉಜ್ಜಿ, ಮತ್ತೆ 2000, ಮತ್ತೆ 1000. ಗೆಳೆಯನೊಬ್ಬ ಹಿಂದಿನಿಂದ ಫೋನಿನಲ್ಲಿ ಚಿತ್ರೀಕರಿಸಿದ. ಪಾಲಿಶ್ ಇದ್ದಾಗ ಚೆಂಡು ಎಣ್ಣೆ ದಾಟಿದ ಮೇಲೂ ಜಾರಿ, ತಡವಾಗಿ ಒಮ್ಮೆಲೇ ತಿರುಗಿತು. 1000ಕ್ಕೆ ಉಜ್ಜಿದಾಗ ಲೇನಿನ ನಡುಭಾಗದಲ್ಲೇ ಬಾಗಲು ಶುರುಮಾಡಿ, ಪಿನ್ನುಗಳ ಹತ್ತಿರ ಬರುವಷ್ಟರಲ್ಲಿ ಮೆತ್ತಗಾಗಿತ್ತು. ಚೆಂಡಿನೊಳಗಿನ ಗಟ್ಟಿ ತಿರುಳಾದ ಕೋರ್ ಅದೇ, ತೂತುಗಳು ಅವೇ, ಕೈಯೂ ಅದೇ. ಹೊಸ ಚೆಂಡಿಗೆ ಕೊರೆಸುವ ಖರ್ಚೂ ಸೇರಿ ಇಲ್ಲಿ 200 ಡಾಲರಿನ ಮೇಲೇ ಹೋಗಬಹುದು. ಒಂದು ಪ್ಯಾಡು ಕೆಲವು ಡಾಲರಿಗೆ ಸಿಗುತ್ತದೆ. ಹೊಸ ಚೆಂಡು ಬೇಕೇ ಎಂದು ಯಾರಾದರೂ ಕೇಳಿದರೆ, ಈಗಿರುವುದರ ಮೈ ಯಾವ ಗ್ರಿಟ್‌ನಲ್ಲಿದೆ ಎಂದು ನಾನು ಮೊದಲು ವಿಚಾರಿಸುತ್ತೇನೆ. ಬಹಳ ಮಂದಿಗೆ ತಿಳಿದಿರುವುದಿಲ್ಲ. ಆಡುತ್ತಾ ಆಡುತ್ತಾ ಲೇನೇ ಚೆಂಡನ್ನು ಉಜ್ಜಿ ನುಣುಪು ಮಾಡುತ್ತದೆ. 2000ಕ್ಕೆ ಉಜ್ಜಿದ ಮೈ ಕೆಲವು ವಾರಗಳಲ್ಲಿ 4000ದಂತೆ ವರ್ತಿಸುತ್ತದೆ. ಚೆಂಡು ಸತ್ತುಹೋಯಿತು ಎಂದು ಗೊಣಗುವವರಲ್ಲಿ ಹಲವರ ಚೆಂಡಿಗೆ ಬೇಕಾದದ್ದು ಹತ್ತು ನಿಮಿಷದ ಉಜ್ಜುವಿಕೆ ಅಷ್ಟೇ.

ಕೋರ್ ವಿಷಯ ಚಿಕ್ಕದಾಗಿ ಹೇಳುತ್ತೇನೆ. ಆರ್‌ಜಿ, ಅಂದರೆ ತೂಕ ನಡುವಿನಿಂದ ಎಷ್ಟು ದೂರ ಹರಡಿದೆ ಅನ್ನುವ ಅಳತೆ, ಕಡಿಮೆಯಿದ್ದರೆ ಚೆಂಡು ಬೇಗ ಉರುಳಲು ತೊಡಗುತ್ತದೆ. ಚೆಂಡಿನ ಅತಿ ಹೆಚ್ಚು ಮತ್ತು ಅತಿ ಕಡಿಮೆ ಆರ್‌ಜಿಗಳ ವ್ಯತ್ಯಾಸವಾದ ಡಿಫರೆನ್ಷಿಯಲ್ ಹೆಚ್ಚಿದ್ದರೆ ಉರುಳುವಾಗ ಅಕ್ಷ ಸರಿಯುತ್ತಾ ಪ್ರತಿ ಸುತ್ತಿಗೂ ಮೈಯ ಒಣ ಭಾಗ ನೆಲಕ್ಕೆ ತಾಗುತ್ತದೆ. ನಿಯಮದ ಪ್ರಕಾರ ಡಿಫರೆನ್ಷಿಯಲ್ 0.060 ದಾಟುವಂತಿಲ್ಲ. ಆಕಾರ ಎಲ್ಲ ಬದಿಗೂ ಒಂದೇ ಇಲ್ಲದ ಅಸಿಮೆಟ್ರಿಕ್ ಕೋರ್ ತಿರುವನ್ನು ಇನ್ನಷ್ಟು ಚುರುಕು ಮಾಡುತ್ತದೆ. ಇವೆಲ್ಲ ಮೈ ಸರಿಯಾದ ಮೇಲೆ ನೋಡುವ ಸಂಗತಿಗಳು.

ನನ್ನ ಚೀಲದಲ್ಲಿ ಇರುವುದು ಇಷ್ಟು. 2000ಕ್ಕೆ ಉಜ್ಜಿದ, ಸಿಮೆಟ್ರಿಕ್ ಕೋರಿನ ಸಾಲಿಡ್ ಚೆಂಡು. ಇದು ನನ್ನ ಬೆಂಚ್‌ಮಾರ್ಕ್, ಅಂದರೆ ಉಳಿದವನ್ನು ಹೋಲಿಸಿ ನೋಡುವ ಚೆಂಡು: ಸ್ಟಾರ್ಮ್ ಕಂಪನಿಯ ಫೇಜ್ 2. ದಪ್ಪ ಎಣ್ಣೆಗೆ, ಉದ್ದದ ನಮೂನೆಗೆ 1000ಕ್ಕೆ ಉಜ್ಜಿದ ಅಸಿಮೆಟ್ರಿಕ್ ಸಾಲಿಡ್. ಎಣ್ಣೆ ಸವೆದ ಮೇಲೆ ಆಡಲು ಪಾಲಿಶ್ ಮಾಡಿದ ಪರ್ಲ್. ಗಿಡ್ಡ ನಮೂನೆಗೆ ಯುರೆಥೇನ್. ಸ್ಪೇರಿಗೆ, ಅಂದರೆ ಉಳಿದ ಪಿನ್ನುಗಳನ್ನು ಎರಡನೇ ಎಸೆತದಲ್ಲಿ ಬೀಳಿಸಲು, ಅದರಲ್ಲೂ ಮೂಲೆಯ 10ನೇ ಪಿನ್ನಿಗೆ, ನೇರ ಹೋಗುವ ಪ್ಲಾಸ್ಟಿಕ್. ಬಲವಾದ ಚೆಂಡುಗಳೇ ನಾಲ್ಕು ಇಟ್ಟುಕೊಂಡವರು ನಮ್ಮ ಲೀಗಿನಲ್ಲಿ ಇದ್ದಾರೆ. ಅವರ ಚೆಂಡುಗಳ ಬಣ್ಣ ಬೇರೆ, ಹೆಸರು ಬೇರೆ, ಲೇನಿನಲ್ಲಿ ಹೋಗುವ ದಾರಿ ಮಾತ್ರ ಒಂದೇ. ಚೆಂಡಿನಿಂದ ಚೆಂಡಿಗೆ ತಿರುವಿನ ಆಕಾರ ಬದಲಾಗದಿದ್ದರೆ ಬದಲಿಸಿ ಪ್ರಯೋಜನವಿಲ್ಲ.

ಲೀಗಿನ ಸಂಜೆ ಅಭ್ಯಾಸಕ್ಕೆ ಹತ್ತು ನಿಮಿಷ ಕೊಡುತ್ತಾರೆ. ಆಗ ನಾನು ಬೆಂಚ್‌ಮಾರ್ಕ್ ಚೆಂಡನ್ನು ಮಾತ್ರ ಎಸೆಯುತ್ತೇನೆ. ದಿನವೂ ಅದೇ ಚೆಂಡು, ಅದೇ ಬಾಣ. ಆಗಲೇ ಲೇನು ಏನು ಹೇಳುತ್ತಿದೆ ಎಂದು ಹೋಲಿಸಿ ನೋಡಲು ಸಾಧ್ಯ. ಎಷ್ಟು ಪಿನ್ ಬಿದ್ದವು ಎಂದು ಆ ಹೊತ್ತಿನಲ್ಲಿ ನೋಡುವುದಿಲ್ಲ. ಜಾರುವುದು ಎಲ್ಲಿ ನಿಂತಿತು, ಪಿನ್ನುಗಳನ್ನು ತಾಗಿದ ಮೇಲೆ ಚೆಂಡು ತನ್ನ ದಾರಿಯಲ್ಲೇ ಮುಂದುವರಿಯಿತೇ, ಪಕ್ಕಕ್ಕೆ ಸರಿಯಿತೇ, ಇಷ್ಟನ್ನೇ ನೋಡುತ್ತೇನೆ. ಚೆಂಡು ವಾಪಸು ಬಂದಾಗ ಮೈಮೇಲಿನ ಎಣ್ಣೆಯ ಉಂಗುರಗಳನ್ನು ಬೆರಳಿನಿಂದ ಮುಟ್ಟಿ ನೋಡುತ್ತೇನೆ. ದಪ್ಪ, ಒದ್ದೆ ಉಂಗುರಗಳಿದ್ದರೆ ಎಣ್ಣೆ ಜಾಸ್ತಿ. ಮಸುಕು ಗೆರೆ ಮಾತ್ರ ಇದ್ದರೆ ಎಣ್ಣೆ ತೆಳುವಾಗಿದೆ, ಪರ್ಲ್ ಚೆಂಡಿಗೆ ಬೇಗ ಕೆಲಸ ಬರಲಿದೆ.

ಮೊದಲ ಗೇಮ್ ಮುಗಿಯುವಷ್ಟರಲ್ಲಿ ಹತ್ತು ಜನ ಎಸೆದ ಚೆಂಡುಗಳು ಎಣ್ಣೆ ಹೀರಿ, ಎಲ್ಲರೂ ಬಳಸುವ ದಾರಿ ಒಣಗಿರುತ್ತದೆ. ಆಗ ಕಾಲು ಸರಿಸಬೇಕೇ, ಚೆಂಡು ಬದಲಿಸಬೇಕೇ? ಬಹಳ ಜನ ಎಡವುವುದು ಇಲ್ಲಿ. ನನ್ನ ಕ್ರಮ ಹೀಗಿದೆ. ಚೆಂಡು ಚೆನ್ನಾಗಿ ಜಾರಿ, ಚೆನ್ನಾಗಿ ತಿರುಗಿ, ಜಾಗ ಮಾತ್ರ ತುಸು ಎಡಕ್ಕೆ ತಪ್ಪಿದರೆ ಚೆಂಡಿನ ತಪ್ಪಿಲ್ಲ. ಕಾಲನ್ನು ಎರಡು ಬೋರ್ಡು, ಕಣ್ಣನ್ನು ಒಂದು ಬೋರ್ಡು ಎಡಕ್ಕೆ ಸರಿಸುತ್ತೇನೆ. ಚೆಂಡು ಪಾಕೆಟ್‌ಗೆ ಬಂದೂ ಪಿನ್ನು ಉಳಿದರೆ ಆಕಾರ ಕೆಟ್ಟಿದೆ ಎಂದರ್ಥ, ಚೆಂಡು ಬದಲಿಸುತ್ತೇನೆ. ಇದನ್ನು ಹೇಳುವುದು 10ನೇ ಪಿನ್ನು. ಅದು ನಿಂತಾಗ ಪಕ್ಕದ 6ನೇ ಪಿನ್ನನ್ನು ನೋಡಬೇಕು. 6 ರಭಸದಿಂದ ಹಾರಿ 10ರ ಕುತ್ತಿಗೆ ಬಳಸಿಕೊಂಡು ಹೋದರೆ ಚೆಂಡಿನಲ್ಲಿ ಬಲವಿದೆ, ತುಸು ಹೊಂದಾಣಿಕೆ ಸಾಕು. 6 ಸುಮ್ಮನೆ ಗಟರಿನಲ್ಲಿ ಮಲಗಿದರೆ ಚೆಂಡು ನಿಶ್ಶಕ್ತವಾಗಿ ಬಂದಿದೆ. ಅದಕ್ಕೆ ಕಾರಣ ಎರಡಿರಬಹುದು. ಬೇಗ ತಿರುಗಿ ಬಲ ಕಳೆದುಕೊಂಡಿದ್ದರೆ ನುಣುಪು ಮೈಯ ಪರ್ಲ್‌ಗೆ ಹೋಗುತ್ತೇನೆ. ಜಾರುವುದೇ ನಿಲ್ಲದೆ ಬಂದಿದ್ದರೆ ಇನ್ನಷ್ಟು ಮಂದ ಮೈಯ ಚೆಂಡಿಗೆ. ಈ ಎರಡನ್ನೂ ಬೇರ್ಪಡಿಸಲು ಸ್ಕೋರಿನ ಪರದೆ ನೆರವಾಗುವುದಿಲ್ಲ, ಲೇನಿನ ನಡುಭಾಗವನ್ನೇ ನೋಡುತ್ತಿರಬೇಕು.

ಯುರೆಥೇನ್ ಎಸೆಯುವವರು ಅದೇ ಲೇನಿನಲ್ಲಿದ್ದರೆ ಲೆಕ್ಕ ತಿರುವುಮುರುವು. ಯುರೆಥೇನ್ ಎಣ್ಣೆಯನ್ನು ಅಷ್ಟಾಗಿ ಹೀರದೆ ಮುಂದಕ್ಕೆ ತಳ್ಳುತ್ತದೆ. ಒಣಗಿರಬೇಕಾದ ಕೊನೆಯ ಭಾಗದಲ್ಲಿ ಎಣ್ಣೆ ಸೇರಿ ಚೆಂಡು ತಡವಾಗಿ ತಿರುಗುತ್ತದೆ. ಅದಕ್ಕೇ ನಮ್ಮ ತಂಡದಲ್ಲಿ ಮತ್ತು ಎದುರು ತಂಡದಲ್ಲಿ ಯಾರು ಏನು ಎಸೆಯುತ್ತಿದ್ದಾರೆ ಎಂದು ಅಭ್ಯಾಸದ ಹೊತ್ತಿಗೇ ನೋಡಿಕೊಳ್ಳುತ್ತೇನೆ.

ಲೇನ್ ಯಾವುದರಿಂದ ಮಾಡಿದ್ದು ಅನ್ನುವುದೂ ಮುಖ್ಯ. ಈಗಿನ ಬಹುಪಾಲು ಲೇನುಗಳು ಸಿಂಥೆಟಿಕ್. ನಮ್ಮ ಕಡೆಯ ಸಣ್ಣ ಊರುಗಳಲ್ಲಿ ಮರದ ಲೇನುಗಳು ಇನ್ನೂ ಉಳಿದಿವೆ. ಚೆಂಡು ಬೀಳುವ ಆರಂಭದ ಭಾಗಕ್ಕೂ ಪಿನ್ನುಗಳ ಕೆಳಗೂ ಗಟ್ಟಿಯಾದ ಮೇಪಲ್, ನಡುವೆ ಮೆದುವಾದ ಪೈನ್. ದಶಕಗಳ ಆಟದಲ್ಲಿ ಎಲ್ಲರ ಚೆಂಡು ಹಾಯ್ದ ಪಟ್ಟಿ ಸವೆದಿರುತ್ತದೆ. ಅಂಥ ಲೇನಿನಲ್ಲಿ ಎಣ್ಣೆ ಅಷ್ಟೇ ಇದ್ದರೂ ಚೆಂಡು ಬೇಗ ಹಿಡಿಯುತ್ತದೆ. ಅಲ್ಲಿ ಬೆಂಚ್‌ಮಾರ್ಕ್‌ನ ಬದಲು ಪರ್ಲ್‌ನಿಂದಲೇ ಶುರುಮಾಡುತ್ತೇನೆ. ಮರದ ಲೇನಿನಲ್ಲಿ ಚೆಂಡು ಉರುಳುವ ಸದ್ದು ನನಗೆ ಬಹಳ ಇಷ್ಟ. ಅಂಥ ಸೆಂಟರುಗಳು ಮುಚ್ಚದಿರಲಿ ಎಂದು ದೂರವಾದರೂ ಆಗಾಗ ಹೋಗಿ ಆಡುತ್ತೇನೆ.

ನಿಯಮದ ಎರಡು ಮಾತು. ಪಂದ್ಯ ಶುರುವಾದ ಮೇಲೆ ಚೆಂಡಿನ ಮೈ ಉಜ್ಜುವಂತಿಲ್ಲ. ಅಮೆರಿಕದ ಬೌಲಿಂಗ್ ಆಡಳಿತ ಸಂಸ್ಥೆ ಯುಎಸ್‌ಬಿಸಿಯ ನಿಯಮದಂತೆ 2019ರಿಂದ ಪಂದ್ಯದ ನಡುವೆ ದ್ರವ ಹಾಕಿ ಒರೆಸುವುದಕ್ಕೂ ಅವಕಾಶವಿಲ್ಲ, ಒಣ ಬಟ್ಟೆ ಮಾತ್ರ. ಆದ್ದರಿಂದ ಗ್ರಿಟ್ ತೀರ್ಮಾನ ಮನೆಯಲ್ಲೇ ಆಗಬೇಕು. ಎಸೆದ ಪ್ರತಿ ಸಲವೂ ಬಟ್ಟೆಯಿಂದ ಒರೆಸುವುದು, ಆಟ ಮುಗಿದ ತಕ್ಷಣ ಮೈ ಬೆಚ್ಚಗಿರುವಾಗಲೇ ಕ್ಲೀನರ್ ಹಾಕಿ ಎಣ್ಣೆ ತೆಗೆಯುವುದು ಅಭ್ಯಾಸವಾಗಬೇಕು. ಮಿಷಿಗನ್ ಚಳಿಯಲ್ಲಿ ಚೆಂಡುಗಳನ್ನು ಕಾರಿನ ಡಿಕ್ಕಿಯಲ್ಲಿ ರಾತ್ರಿ ಬಿಡಬಾರದು. ಹೊರಪದರ ಮತ್ತು ಕೋರ್ ಬೇರೆ ಬೇರೆ ಪ್ರಮಾಣದಲ್ಲಿ ಕುಗ್ಗಿ ಮೈ ಬಿರುಕು ಬಿಡಬಹುದು. ತಣ್ಣಗಿರುವ ಚೆಂಡು ಎಂದಿನಂತೆ ಹಿಡಿಯುವುದೂ ಇಲ್ಲ.

ರಜೆಗೆ ಬೆಂಗಳೂರಿಗೆ ಹೋಗುವಾಗ ಚೀಲವಿಡೀ ಒಯ್ಯಲಾಗುವುದಿಲ್ಲ. 15 ಪೌಂಡ್ ಎಂದರೆ 6.8 ಕಿಲೋ; ಎರಡು ಚೆಂಡು ಇಟ್ಟರೆ 23 ಕಿಲೋ ಸೂಟ್‌ಕೇಸಿನ ಅರ್ಧಕ್ಕಿಂತ ಹೆಚ್ಚು ಮುಗಿಯಿತು. ಬೆಂಚ್‌ಮಾರ್ಕ್ ಮತ್ತು ಪ್ಲಾಸ್ಟಿಕ್ ಎರಡನ್ನೇ ಒಯ್ಯುತ್ತೇನೆ, ಜೊತೆಗೆ 1000, 2000, 4000ದ ಪ್ಯಾಡುಗಳು. ಚರ್ಚ್ ಸ್ಟ್ರೀಟಿನ ಅಮೀಬಾ ಬೌಲಿಂಗ್ ಸೆಂಟರಿನಲ್ಲಿ ಆಡುವಾಗ ಮೊದಲು 2000ದಲ್ಲಿ ಕೆಲವು ಎಸೆತ ಹಾಕಿ, ಉಂಗುರ ಮುಟ್ಟಿ ನೋಡುತ್ತೇನೆ. ಸಂಜೆಯ ಜನಸಂದಣಿ ಆಡಿಹೋದ ಲೇನಾಗಿದ್ದರೆ ಮರುದಿನಕ್ಕೆ 4000ಕ್ಕೆ ಉಜ್ಜುತ್ತೇನೆ, ಬೆಳಿಗ್ಗೆ ಹೊಸ ಎಣ್ಣೆ ಇದ್ದರೆ 2000ದಲ್ಲೇ ಬಿಡುತ್ತೇನೆ. ಹೊಸದಾಗಿ ಲೀಗ್ ಸೇರುವವರು ಚೆಂಡು ಕೊಳ್ಳುವಾಗಲೂ ಇದೇ ಜೋಡಿಯಿಂದ ಶುರುಮಾಡಿ ಎನ್ನುತ್ತೇನೆ: ಒಂದು ಸಿಮೆಟ್ರಿಕ್ ಸಾಲಿಡ್, ಒಂದು ಪ್ಲಾಸ್ಟಿಕ್, ಮೂರು ಪ್ಯಾಡು. ಮೂರನೇ ಚೆಂಡು ಪರ್ಲ್ ಆಗಿರಲಿ. ಅದನ್ನು ಕೊಳ್ಳುವುದು, ಸಾಲಿಡ್ ಚೆಂಡನ್ನು 4000ಕ್ಕೆ ಉಜ್ಜಿದರೂ ಮೂರನೇ ಗೇಮಿನಲ್ಲಿ ಅದು ಬೇಗ ತಿರುಗಿ ಬಲ ಕಳೆದುಕೊಳ್ಳುವುದನ್ನು ನೀವೇ ಕಂಡ ಮೇಲೆ.