ಯುರೋಪಿನ ನದಿ ಕ್ರೂಸ್‌ಗೆ ಏನು ತುಂಬಬೇಕು, ಏನು ಉಡಬೇಕು

ಕ್ರೂಸ್ ಅಂದ ಕೂಡಲೇ ಸೂಟು, ಬೋ ಟೈ, ನೆಲ ಗುಡಿಸುವ ಗೌನು ನೆನಪಾಗುವುದು ಸಮುದ್ರದ ಹಡಗುಗಳ ಪ್ರಭಾವ. ರೈನ್, ಡ್ಯಾನ್ಯೂಬ್, ಮೊಸೆಲ್, ಡೋರೊ ನದಿಗಳಲ್ಲಿ ಓಡುವ ಹಡಗುಗಳಿಗೆ ಆ ಠೀವಿ ಬೇಕಿಲ್ಲ. ಇಲ್ಲಿ ಹಡಗು ಹೆಚ್ಚುಕಡಿಮೆ ದಿನಕ್ಕೊಂದು ಊರಲ್ಲಿ ನಿಲ್ಲುತ್ತದೆ. ತಿಂಡಿ ಮುಗಿಸಿ ಇಳಿದರೆ ಎರಡು ಮೂರು ಗಂಟೆ ಕಲ್ಲುಹಾಸಿನ ಬೀದಿ, ಕೋಟೆಯ ಏರು, ಚರ್ಚಿನ ಮೆಟ್ಟಿಲು. ಆದ್ದರಿಂದ ಸೂಟ್‌ಕೇಸಿನ ಮುಕ್ಕಾಲು ಪಾಲು ನಡಿಗೆಗೂ ಹವೆಗೂ ಮೀಸಲಿರಲಿ. ರಾತ್ರಿಯೂಟದ ಉಡುಪಿಗೆ ಉಳಿದ ಕಾಲು ಪಾಲು ಧಾರಾಳ ಸಾಕು.

ಮೊದಲು ಕಾಲಿನ ಕಡೆ ನೋಡಿ

ಬೇರೆಲ್ಲ ಮರೆತರೆ ದಾರಿಯಲ್ಲಿ ಕೊಳ್ಳಬಹುದು, ಹೊಂದುವ ಶೂ ಮಾತ್ರ ಹಾಗೆ ಸಿಗುವುದಿಲ್ಲ. ನಡೆಯಲು ಎರಡು ಜೊತೆ, ಸಂಜೆಗೆ ಒಂದು ಜೊತೆ, ಕ್ಯಾಬಿನ್ನಿಗೆ ಒಂದು ರಬ್ಬರ್ ಚಪ್ಪಲಿ. ನಡೆಯುವ ಶೂ ಎರಡು ಜೊತೆ ಯಾಕೆಂದರೆ, ಮಳೆಯಲ್ಲಿ ನೆನೆದದ್ದು ಒಂದೇ ರಾತ್ರಿಯಲ್ಲಿ ಒಣಗುವ ಭರವಸೆ ಇಲ್ಲ. ಒದ್ದೆಯಾದರೆ ಒಳಗಿನ ಅಟ್ಟೆ ಹೊರಗೆ ತೆಗೆದು, ರಿಸೆಪ್ಶನ್‌ನಲ್ಲಿ ಹಳೆಯ ನ್ಯೂಸ್‌ಪೇಪರ್ ಕೇಳಿ ಪಡೆದು ಉಂಡೆ ಮಾಡಿ ತುರುಕಿ. ಎರಡು ಗಂಟೆ ಬಿಟ್ಟು ಕಾಗದ ಬದಲಾಯಿಸಿ, ಮಲಗುವ ಮುಂಚೆ ಇನ್ನೊಮ್ಮೆ. ಹೇರ್ ಡ್ರೈಯರ್‌ನ ಬಿಸಿಗಾಳಿ ಹಿಡಿದರೆ ಅಂಟು ಬಿಟ್ಟು ಅಡಿ ಕಿತ್ತು ಬರಬಹುದು.

ಹೊಸ ಶೂ ಹಾಕಿಕೊಂಡು ವಿಮಾನ ಹತ್ತಬೇಡಿ. ಹೊರಡುವ ಮೊದಲು ಅದರಲ್ಲಿ ಒಟ್ಟು ಮೂವತ್ತು ನಲವತ್ತು ಕಿಲೋಮೀಟರ್ ನಡೆದಿರಬೇಕು. ಎಲ್ಲಿ ಉಜ್ಜುತ್ತದೆ ಅನ್ನುವುದು ಅಷ್ಟರಲ್ಲಿ ಗೊತ್ತಾಗುತ್ತದೆ, ಅಲ್ಲಿಗೆ ಪ್ಲಾಸ್ಟರ್ ಮೊದಲೇ ಅಂಟಿಸಿಕೊಳ್ಳಬಹುದು. ಅಡಿ ದಪ್ಪ ರಬ್ಬರಿನದಾಗಿರಲಿ, ಗೀರುಗಳು ಆಳವಾಗಿರಲಿ. ಶತಮಾನಗಳಿಂದ ಜನ ತುಳಿದು ನುಣುಪಾದ ಕಲ್ಲಿಗೆ ನಾಲ್ಕು ಹನಿ ಮಳೆ ಬಿದ್ದರೂ ಚರ್ಮದ ಅಡಿಯ ಶೂ ಜಾರುತ್ತದೆ. ತೆಳು ಅಡಿಯದಾದರೆ ಮಧ್ಯಾಹ್ನದ ಹೊತ್ತಿಗೆ ಒಂದೊಂದು ಕಲ್ಲಿನ ಅಂಚೂ ಅಂಗಾಲಿಗೆ ತಿಳಿಯುತ್ತದೆ. ರೈನ್ ದಡದ ಬ್ರೌಬಾಖ್‌ನಲ್ಲಿರುವ ಮಾರ್ಕ್ಸ್‌ಬುರ್ಗ್ ಕೋಟೆಯೊಳಗೆ ಬಂಡೆಯನ್ನೇ ಕಡಿದು ಮಾಡಿದ ಮೆಟ್ಟಿಲಿವೆ, ಒಂದರ ಎತ್ತರ ಇನ್ನೊಂದಕ್ಕಿಲ್ಲ. ಕಲೋನ್ ಕ್ಯಾಥೆಡ್ರಲ್‌ನ ದಕ್ಷಿಣ ಗೋಪುರ ಹತ್ತುವ ಆಸೆಯಿದ್ದರೆ 533 ಮೆಟ್ಟಿಲು. ಇಂಥಲ್ಲಿ ಸ್ಯಾಂಡಲ್ ಬೇಕೇ ಬೇಕು ಅನ್ನುವವರು ಹಿಮ್ಮಡಿಗೆ ಪಟ್ಟಿ ಇರುವುದನ್ನು ಮಾತ್ರ ತೆಗೆದುಕೊಳ್ಳಿ.

ಸಂಜೆಯ ಜೊತೆಗೂ ಚೂಪು ಹಿಮ್ಮಡಿ ಬೇಡ. ಹಡಗಿನಿಂದ ದಡಕ್ಕೆ ಹಾಕುವ ಗ್ಯಾಂಗ್‌ವೇ ಎಷ್ಟೋ ಕಡೆ ಕಬ್ಬಿಣದ ಜಾಲರಿಯದು, ಹಿಮ್ಮಡಿ ಅದರ ತೂತಿಗೆ ಸರಿಯಾಗಿ ಇಳಿಯುತ್ತದೆ. ನದಿಯ ಮಟ್ಟ ಏರಿಳಿದಂತೆ ಆ ಹಲಗೆಯ ಇಳಿಜಾರೂ ಬದಲಾಗುತ್ತದೆ. ಮಂಡಿ ನೋವಿರುವವರು ಮಡಚುವ ಊರುಗೋಲು ಒಯ್ಯಲಿ, ತುದಿಗೆ ರಬ್ಬರ್ ಬಿರಡೆ ಇರಲೇಬೇಕು.

ಕಾಲುಚೀಲ ಐದು ಜೊತೆ, ಉಣ್ಣೆ ಬೆರೆತದ್ದು. ಹತ್ತಿಯದು ಬೆವರು ಹೀರಿ ಹಿಡಿದಿಟ್ಟುಕೊಂಡು ಬೊಬ್ಬೆ ಏಳಿಸುತ್ತದೆ.

ಸೂಟ್‌ಕೇಸ್ ಎಂಥದ್ದು

ರೈನ್ ಕಡೆಯಿಂದ ಡ್ಯಾನ್ಯೂಬಿಗೆ ದಾಟಿಸುವ ಮೈನ್-ಡ್ಯಾನ್ಯೂಬ್ ಕಾಲುವೆಯಲ್ಲಿ ಹಡಗನ್ನು ಏರಿಸಿ ಇಳಿಸುವ ಲಾಕ್‌ಗಳ ಅಗಲ 12 ಮೀಟರ್. ಅದರೊಳಗೆ ತೂರಬೇಕಾದ್ದರಿಂದ ಹಡಗುಗಳ ಅಗಲ ಸುಮಾರು 11.4 ಮೀಟರ್, ಉದ್ದ ಹೆಚ್ಚೆಂದರೆ 135 ಮೀಟರ್. ಹೀಗಾಗಿ ಸಾಮಾನ್ಯ ಕ್ಯಾಬಿನ್ನಿನಲ್ಲಿ ಮಂಚ ಬಿಟ್ಟರೆ ಇಬ್ಬರು ಒಟ್ಟಿಗೆ ಓಡಾಡುವಷ್ಟು ಜಾಗ ಕಷ್ಟ. ಬಟ್ಟೆ ಎಲ್ಲ ಕಪಾಟಿಗೆ ಹಾಕಿ ಖಾಲಿ ಪೆಟ್ಟಿಗೆಯನ್ನು ಮಂಚದ ಕೆಳಗೆ ತಳ್ಳುವುದು ವಾಡಿಕೆ. ಮಲಗಿಸಿದಾಗ 30 ಸೆಂ.ಮೀ. ಮೀರದ ಪೆಟ್ಟಿಗೆ ಇದಕ್ಕೆ ಅನುಕೂಲ. ಎರಡು ಹೋಳಾಗಿ ತೆರೆಯುವ ಗಟ್ಟಿ ಚಿಪ್ಪಿನದು ಬಿಚ್ಚಿಟ್ಟರೆ ದುಪ್ಪಟ್ಟು ನೆಲ ನುಂಗುತ್ತದೆ. ಮೇಲ್ಗಡೆ ಮಾತ್ರ ಜಿಪ್ ಇರುವ ಮೆತ್ತನೆಯ ಪೆಟ್ಟಿಗೆ ಮೇಲು. ವಿಮಾನದವರು 23 ಕೆ.ಜಿ. ಬಿಟ್ಟರೂ ನೀವು 15ಕ್ಕೆ ನಿಲ್ಲಿಸಿ.

ಹಗುರವಾಗಿರಬೇಕು ಅನ್ನುವುದಕ್ಕೆ ಇನ್ನೊಂದು ಕಾರಣ ನದಿಯೇ. 2013ರ ಜೂನ್‌ನಲ್ಲಿ ಪಸಾವು ಊರು ಡ್ಯಾನ್ಯೂಬ್ ಪ್ರವಾಹದಲ್ಲಿ ಮುಳುಗಿತ್ತು. 2018ರ ಅಕ್ಟೋಬರ್‌ನಲ್ಲಿ ರೈನ್ ದಡದ ಕೌಬ್ ಊರಿನಲ್ಲಿ ನೀರಿನ ಮಟ್ಟ ತೋರಿಸುವ ಮಾಪಕದ ಅಂಕಿ 25 ಸೆಂ.ಮೀ.ಗೆ ಇಳಿದಿತ್ತು. ನೀರು ಹೆಚ್ಚಾದರೆ ಹಡಗು ಸೇತುವೆಯ ಕೆಳಗೆ ಹಾಯುವುದಿಲ್ಲ, ಕಡಿಮೆಯಾದರೆ ತಳ ತಾಗುತ್ತದೆ. ಆಗ ಕಂಪನಿಯವರು ಪ್ರಯಾಣಿಕರನ್ನು ಬಸ್ಸಿನಲ್ಲಿ ಸಾಗಿಸಿ, ಅಡಚಣೆಯ ಆಚೆ ನಿಂತಿರುವ ಅದೇ ಬಗೆಯ ಇನ್ನೊಂದು ಹಡಗಿಗೆ ಹತ್ತಿಸುವುದುಂಟು. ಅರ್ಧ ಗಂಟೆಯಲ್ಲಿ ಮರಳಿ ಕಟ್ಟಲಾಗದಷ್ಟು ಸಾಮಾನು ಹರಡಿಕೊಂಡವರ ಪಾಡು ಆ ಬೆಳಗ್ಗೆ ನೋಡಬೇಕು. ಬಟ್ಟೆಗಳನ್ನು ಮೂರು ನಾಲ್ಕು ಜಿಪ್ ಚೀಲಗಳಲ್ಲಿ ವಿಂಗಡಿಸಿಟ್ಟರೆ ಚೀಲ ಎತ್ತಿಟ್ಟು ಮುಚ್ಚಿದರಾಯಿತು.

ತಿಂಗಳು ನೋಡಿ ಬಟ್ಟೆ

ಏಳು ರಾತ್ರಿಯ ಯಾನಕ್ಕೆ ಲೆಕ್ಕ ಇಷ್ಟು: ನಡೆಯಲು ಎರಡು ಪ್ಯಾಂಟು, ಊಟಕ್ಕೆ ಒಂದು, ಮೇಲಂಗಿ ಐದು, ಅದರಲ್ಲಿ ಎರಡು ಸಂಜೆಗೂ ಸಲ್ಲುವಂಥವು, ತೆಳು ಉಣ್ಣೆಯ ಸ್ವೆಟರ್ ಒಂದು, ಟೋಪಿ ಇರುವ ಮಳೆ ಜಾಕೆಟ್ ಒಂದು, ಒಳ ಉಡುಪು ಆರು. ಹದಿನಾಲ್ಕು ರಾತ್ರಿಯಾದರೂ ಇದನ್ನು ದುಪ್ಪಟ್ಟು ಮಾಡಬೇಡಿ, ಒಗೆಯಿರಿ. ಹಡಗಿನ ಲಾಂಡ್ರಿ ಇದ್ದಲ್ಲಿ ಸಾಮಾನ್ಯವಾಗಿ ಬಟ್ಟೆಯೊಂದಕ್ಕೆ ಇಷ್ಟು ಯೂರೋ ಎಂಬ ಲೆಕ್ಕ, ಬೇಗ ಏರುತ್ತದೆ. ತೆಳು ಬಟ್ಟೆಯನ್ನು ಬೇಸಿನ್‌ನಲ್ಲಿ ಒಗೆದು, ಒಣ ಟವೆಲಿನಲ್ಲಿ ಸುರುಳಿ ಸುತ್ತಿ ಗಟ್ಟಿಯಾಗಿ ಹಿಂಡಿ, ಶವರ್ ಜಾಗದಲ್ಲಿ ಹರವಿದರೆ ಬೆಳಗ್ಗೆಗೆ ಸಿದ್ಧ. ಜೀನ್ಸ್ ಮಾತ್ರ ಎರಡು ದಿನ ಒದ್ದೆಯಾಗಿಯೇ ಇರುತ್ತದೆ. ಒಂದಕ್ಕಿಂತ ಹೆಚ್ಚು ಬೇಡ.

ಏಪ್ರಿಲ್‌ನ ಟ್ಯುಲಿಪ್ ಕಾಲದಲ್ಲಿ ಬೆಳಗ್ಗೆ 5 ಡಿಗ್ರಿ ಇದ್ದು ಮಧ್ಯಾಹ್ನ 15 ಆಗಬಹುದು. ಒಂದು ದಪ್ಪ ಕೋಟಿನ ಬದಲು ಮೂರು ಪದರ ಹಾಕಿ, ಬಿಸಿಲೇರಿದಂತೆ ಒಂದೊಂದೇ ಕಳಚಿ. ಮೈಗಂಟುವ ಪದರ ಬೆವರು ಹೊರಗೆ ಹಾಕಬೇಕು, ನಡುವಿನದು ಶಾಖ ಹಿಡಿಯಬೇಕು, ಹೊರಗಿನದು ಗಾಳಿ ಮಳೆ ತಡೆಯಬೇಕು. ಜುಲೈ, ಆಗಸ್ಟ್‌ನಲ್ಲಿ 25ರಿಂದ 30 ಸಾಮಾನ್ಯ, ಬಿಸಿಗಾಳಿ ಬೀಸಿದರೆ 35 ದಾಟುತ್ತದೆ. ಪೋರ್ಚುಗಲ್‌ನ ಡೋರೊ ಕಣಿವೆಯಲ್ಲಿ 40 ಮುಟ್ಟುವ ದಿನಗಳೂ ಇವೆ. ಬೇಸಿಗೆಯಲ್ಲೂ ಸ್ವೆಟರ್ ಬಿಡಬೇಡಿ. ಡ್ಯಾನ್ಯೂಬ್‌ನಲ್ಲಿ ಮೆಲ್ಕ್‌ನಿಂದ ಕ್ರೆಮ್ಸ್‌ವರೆಗಿನ ವಾಖಾವ್ ಕಣಿವೆ, ರೈನ್‌ನಲ್ಲಿ ಕೊಬ್ಲೆಂಜ್ ದಾಟಿ ಹರಿವಿನ ಎದುರು ಹೋದರೆ ಸಿಗುವ ಕೋಟೆಗಳ ಸಾಲು, ಇವನ್ನೆಲ್ಲ ಮೇಲಿನ ಡೆಕ್ಕಿನಲ್ಲಿ ಕೂತು ನೋಡಬೇಕು. ಹಡಗು ಓಡುತ್ತಿದ್ದಾಗ ಅಲ್ಲಿ ಗಾಳಿ ಚುರುಕು. ತಗ್ಗು ಸೇತುವೆಗಳು ಬರುವ ಕಡೆ ಡೆಕ್ಕಿನ ನೆರಳು ಚಪ್ಪರವನ್ನೂ ಮಡಚಿಬಿಡುತ್ತಾರೆ. ಹಾಗಾಗಿ ಗಲ್ಲದ ಕೆಳಗೆ ದಾರ ಕಟ್ಟುವ ಟೋಪಿಯೇ ಬೇಕು, ಇಲ್ಲವಾದರೆ ಅದು ನದಿ ಪಾಲು.

ಕ್ರಿಸ್‌ಮಸ್ ಮಾರುಕಟ್ಟೆಯ ಕಾಲ ನವೆಂಬರ್ ಕೊನೆಯಿಂದ ಡಿಸೆಂಬರ್ 23ರ ಆಸುಪಾಸಿನವರೆಗೆ. ಚಳಿ ಸೊನ್ನೆಯ ಹತ್ತಿರ. ಆಗ ತೊಂದರೆ ಕೊಡುವುದು ನಡಿಗೆಯಲ್ಲ, ನಿಲ್ಲುವುದು. ಬಿಸಿ ವೈನ್ ಹಿಡಿದು ಕಲ್ಲಿನ ಮೇಲೆ ಅರ್ಧ ಗಂಟೆ ನಿಂತರೆ ಥಂಡಿ ಅಂಗಾಲಿನಿಂದ ಏರುತ್ತದೆ. ನೀರು ಒಳಗಿಳಿಯದ, ದಪ್ಪ ಅಡಿಯ ಬೂಟು, ಒಳಗೆ ಉಣ್ಣೆಯ ಅಟ್ಟೆ, ಥರ್ಮಲ್ ಒಳ ಉಡುಪು ಎರಡು ಜೊತೆ, ಕಿವಿ ಮುಚ್ಚುವ ಟೋಪಿ, ಫೋನ್ ಮುಟ್ಟಬಹುದಾದ ಗ್ಲೌಸ್ ಇರಲಿ. ಬೂಟು ಬಿಗಿಯಾಗಿದ್ದರೆ ದಪ್ಪ ಕಾಲುಚೀಲ ಹಾಕಿ ಏನೂ ಉಪಯೋಗವಿಲ್ಲ, ಬೆರಳಾಡಿಸಲು ಜಾಗವಿದ್ದರೆ ತಾನೆ ಬೆಚ್ಚಗಿರುವುದು.

ಊಟ, ಚರ್ಚು, ಸ್ನಾನಗೃಹ

ರಾತ್ರಿಯೂಟಕ್ಕೆ ಗಂಡಸರಿಗೆ ಕಾಲರ್ ಇರುವ ಅಂಗಿ, ಉದ್ದ ಪ್ಯಾಂಟು. ಹೆಂಗಸರಿಗೆ ನೀಟಾದ ಟಾಪು, ಪ್ಯಾಂಟು ಅಥವಾ ಸರಳ ಉಡುಗೆ. ಚಡ್ಡಿ, ಸ್ನಾನದ ಚಪ್ಪಲಿ ಮಾತ್ರ ಬೇಡ. ಕ್ಯಾಪ್ಟನ್ ಕೊಡುವ ಸ್ವಾಗತ ಮತ್ತು ಬೀಳ್ಕೊಡುಗೆ ಊಟಕ್ಕೆ ಒಂದು ಜಾಕೆಟ್ ಹಾಕಿದರೆ ಚೆಂದ, ಹಾಕದಿದ್ದರೂ ಯಾರೂ ತಿರುಗಿ ನೋಡುವುದಿಲ್ಲ. ವಿಯೆನ್ನಾದಲ್ಲಿ ಪ್ರವಾಸಿಗರನ್ನು ಕರೆದೊಯ್ಯುವ ಸಂಗೀತ ಕಚೇರಿಗೂ ಇದೇ ಉಡುಪು ಸಾಕು. ಕ್ಯಾಬಿನ್ನಿನಲ್ಲಿ ಇಸ್ತ್ರಿಪೆಟ್ಟಿಗೆ ಬಳಸಲು ಬೆಂಕಿಯ ಭಯದಿಂದ ಬಿಡುವುದಿಲ್ಲ, ಸುಕ್ಕು ಬೀಳದ ಬಟ್ಟೆ ಆರಿಸಿ.

ಚರ್ಚುಗಳಲ್ಲಿ ಭುಜ, ಮಂಡಿ ಮುಚ್ಚಿರಬೇಕು, ಗಂಡಸರು ಟೋಪಿ ತೆಗೆಯಬೇಕು. ಒಂದು ತೆಳುವಾದ ದೊಡ್ಡ ಸ್ಕಾರ್ಫ್ ಇದ್ದರೆ ಚರ್ಚಿನಲ್ಲಿ ಭುಜಕ್ಕೆ, ಡೆಕ್ಕಿನಲ್ಲಿ ಕತ್ತಿಗೆ, ಬಸ್ಸಿನ ಏಸಿಗೆ ಹೊದಿಕೆಗೆ ಆಗುತ್ತದೆ.

ಬುಡಾಪೆಸ್ಟ್ ನಿಮ್ಮ ದಾರಿಯಲ್ಲಿದ್ದರೆ ಈಜುಡುಗೆ ತುಂಬಿ. ಸೆಚೆನಿ ಬಿಸಿನೀರಿನ ಸ್ನಾನಗೃಹದ ಈಜುಕೊಳಕ್ಕೆ ತಲೆಗೆ ಸ್ವಿಮ್ಮಿಂಗ್ ಕ್ಯಾಪ್ ಕಡ್ಡಾಯ, ಬಿಸಿನೀರಿನ ಕೊಳಗಳಿಗೆ ಬೇಡ.

ಹೆಗಲ ಚೀಲದಲ್ಲಿ

ಊರು ಸುತ್ತುವಾಗ ಗೈಡ್ ಮಾತು ಕೇಳಲು ಕತ್ತಿಗೆ ನೇತುಹಾಕುವ ಪುಟ್ಟ ರಿಸೀವರ್ ಕೊಡುತ್ತಾರೆ. ಅದರ ಜೊತೆ ಬರುವ ಕಿವಿಗೊಕ್ಕೆ ಹಲವರಿಗೆ ಜಾರುತ್ತದೆ ಅಥವಾ ನೋಯಿಸುತ್ತದೆ. ಸಾಮಾನ್ಯವಾಗಿ ರಿಸೀವರ್‌ಗೆ 3.5 ಮಿ.ಮೀ. ತೂತು ಇರುತ್ತದೆ, ನಿಮ್ಮದೇ ವೈರ್ ಇಯರ್‌ಫೋನ್ ಚುಚ್ಚಿಕೊಳ್ಳಬಹುದು. ಬ್ಲೂಟೂತ್ ನಂಬಿ ಹೋದರೆ ಕೈಕೊಡುತ್ತದೆ.

ಚಿಲ್ಲರೆ ಇಟ್ಟುಕೊಳ್ಳಿ: ಸಾರ್ವಜನಿಕ ಶೌಚಾಲಯಕ್ಕೆ ಅರ್ಧ ಯೂರೋ, ಒಂದು ಯೂರೋ ನಾಣ್ಯ ಬೇಕಾಗುತ್ತದೆ. ಹಂಗೇರಿಯಲ್ಲಿ ಫೋರಿಂಟ್, ಸ್ವಿಟ್ಜರ್ಲೆಂಡಿನಲ್ಲಿ ಫ್ರಾಂಕ್, ಸರ್ಬಿಯಾದಲ್ಲಿ ದಿನಾರ್. ಪಾಸ್‌ಪೋರ್ಟನ್ನು ಹತ್ತುವಾಗಲೇ ರಿಸೆಪ್ಶನ್ ಇಸಿದುಕೊಳ್ಳಬಹುದು, ನಕಲು ನಿಮ್ಮ ಬಳಿ ಇರಲಿ. ಹಡಗಿನ ದಿನಚರಿ ಹಾಳೆಯ ಫೋಟೊ ತೆಗೆದುಕೊಳ್ಳಿ. ಬೆಳಗ್ಗೆ ಇಳಿದ ಕಟ್ಟೆಯಲ್ಲೇ ಸಂಜೆ ಹಡಗು ಇರುತ್ತದೆ ಎಂದೇನಿಲ್ಲ, ಇನ್ನೊಂದು ಕಡೆಗೆ ಸರಿದಿರಬಹುದು. ಚೀಲಕ್ಕೆ ಜಿಪ್ ಇರಲಿ, ಜನಜಂಗುಳಿಯಲ್ಲಿ ಅದು ಎದೆಯ ಮುಂದಿರಲಿ. ಆಮ್‌ಸ್ಟರ್‌ಡ್ಯಾಂ, ಪ್ಯಾರಿಸ್, ಪ್ರಾಗ್‌ನ ಜೇಬುಗಳ್ಳರು ಕೈಚಳಕದವರು.

ಕ್ಯಾಬಿನ್ನಿನ ಸಣ್ಣಪುಟ್ಟ

ವಿದ್ಯುತ್ 230 ವೋಲ್ಟ್. ಸಾಕೆಟ್ ಬಹುಪಾಲು ಎರಡು ದುಂಡು ಕಡ್ಡಿಯದು, ಅದೂ ಗುಂಡಗೆ ಒಳಸರಿದ ಗುಣಿಯೊಳಗೆ. ಅಗಲ ಮೈಯ ಅಡಾಪ್ಟರ್ ಆ ಗುಣಿಗೆ ಇಳಿಯದೆ ಸಡಿಲವಾಗಿ ನಿಲ್ಲುತ್ತದೆ. ಮೈ ಚಪ್ಪಟೆಯಾಗಿ ತೆಳುವಾಗಿರುವ, ಎರಡು ದುಂಡು ಕಡ್ಡಿಯ ಪ್ಲಗ್ ತೆಗೆದುಕೊಂಡರೆ ಬಾಸೆಲ್‌ನ ಸ್ವಿಸ್ ಸಾಕೆಟ್‌ಗೂ ಹೊಂದುತ್ತದೆ. ಯುಎಸ್‌ಬಿ ತೂತು ನಾಲ್ಕಿರುವ ಒಂದು ಚಾರ್ಜರ್ ಇದ್ದರೆ ಇಬ್ಬರಿಗೆ ಸಾಕು. ವಿಮಾನದಲ್ಲಿ ಪವರ್ ಬ್ಯಾಂಕ್ ಕೈಚೀಲದಲ್ಲೇ ಇರಬೇಕು, 100 ವ್ಯಾಟ್-ಅವರ್ ಒಳಗಿರಲಿ.

ಇಯರ್‌ಪ್ಲಗ್ ಒಯ್ಯಿರಿ. ರಾತ್ರಿ ಲಾಕ್ ದಾಟುವಾಗ ಹಡಗು ಗೋಡೆಗೆ ಉಜ್ಜುವ ಸದ್ದು ಕೆಳ ಅಂತಸ್ತಿನವರನ್ನು ಎಬ್ಬಿಸುತ್ತದೆ, ಹಿಂಭಾಗದಲ್ಲಿ ಎಂಜಿನ್ನಿನ ಗುಂಯ್‌ ಬೇರೆ. ಡೋರೊದಲ್ಲಿ ಈ ಕಾಟವಿಲ್ಲ, ಅಲ್ಲಿ ಹಡಗುಗಳು ರಾತ್ರಿ ಓಡುವುದಿಲ್ಲ. ಕಟ್ಟೆಯಲ್ಲಿ ಜಾಗ ಸಾಲದಿದ್ದರೆ ಎರಡು ಮೂರು ಹಡಗುಗಳನ್ನು ಅಕ್ಕಪಕ್ಕ ಕಟ್ಟುತ್ತಾರೆ. ಬೆಳಗ್ಗೆ ಎದ್ದು ಪರದೆ ಸರಿಸಿದರೆ ನದಿಯ ಬದಲು ಕೈಯಳತೆಯಲ್ಲಿ ಪಕ್ಕದ ಹಡಗಿನವರ ಕಿಟಕಿ! ರಾತ್ರಿಯುಡುಪು ಅದಕ್ಕೆ ತಕ್ಕಂತಿರಲಿ.

ಹೇರ್ ಡ್ರೈಯರ್, ಶಾಂಪೂ, ಟವೆಲ್ ಹಡಗಿನಲ್ಲಿರುತ್ತವೆ. ಕೊಡೆಯನ್ನೂ ಅನೇಕ ಕಡೆ ಎರವಲು ಕೊಡುತ್ತಾರೆ. ಹೊರುವುದು ಬೇಡ.

ಔಷಧಿ ಎಲ್ಲ ಕೈಚೀಲದಲ್ಲಿ, ಮೂಲ ಪೊಟ್ಟಣದಲ್ಲಿ, ಚೀಟಿಯ ಸಮೇತ. ಜರ್ಮನಿಯಲ್ಲಿ ತಲೆನೋವಿನ ಮಾತ್ರೆಯೂ ಔಷಧಿ ಅಂಗಡಿಯಲ್ಲಿ ಮಾತ್ರ ಸಿಗುತ್ತದೆ, ಸೂಪರ್‌ಮಾರ್ಕೆಟ್‌ನಲ್ಲಿ ಹುಡುಕಿ ಫಲವಿಲ್ಲ. ಭಾನುವಾರ ಜರ್ಮನಿ, ಆಸ್ಟ್ರಿಯಾಗಳಲ್ಲಿ ಅಂಗಡಿಗಳೇ ಮುಚ್ಚಿರುತ್ತವೆ. ಎರಡು ದಿನದ ಬಟ್ಟೆಯೂ ಕೈಚೀಲದಲ್ಲೇ ಇರಲಿ. ವಿಮಾನದಲ್ಲಿ ಪೆಟ್ಟಿಗೆ ತಪ್ಪಿಹೋದರೆ ಅದು ಬರುವಷ್ಟರಲ್ಲಿ ಹಡಗು ಮುಂದಿನ ಊರಿನಲ್ಲಿರುತ್ತದೆ. ಪೆಟ್ಟಿಗೆಯ ಹೊರಗೂ ಒಳಗೂ ಹಡಗಿನ ಹೆಸರು, ಫೋನ್ ನಂಬರು, ಯಾವ ತಾರೀಖು ಯಾವ ಊರು ಎಂಬ ಪಟ್ಟಿ ಅಂಟಿಸಿ. ಹಿಂಬಾಲಿಸಿ ತಲುಪಿಸುವವರಿಗೆ ಅದೊಂದೇ ಸುಳಿವು. ಕಾಗದಪತ್ರದಲ್ಲಿ ಒಂದು ಎಚ್ಚರ: ಯುರೋಪಿನ ಹಲವು ದೇಶಗಳಿಗೆ ಒಟ್ಟಿಗೆ ಸಲ್ಲುವ ಷೆಂಗೆನ್ ವೀಸಾ ಬೇಕಾದವರು ಆ ಗುಂಪಿಗೆ ಸೇರದ ಸರ್ಬಿಯಾ ಮೂಲಕ ಹೋಗುವುದಾದರೆ ಹೊರಬಿದ್ದು ಮತ್ತೆ ಒಳಹೊಗುವ ಕಾರಣ ಒಂದೇ ಪ್ರವೇಶದ ವೀಸಾ ನಡೆಯುವುದಿಲ್ಲ.

ಇಳಿಯುವ ದಿನ ಪೆಟ್ಟಿಗೆಯನ್ನು ನಸುಕಿನಲ್ಲೇ, ಕೆಲವೆಡೆ ಹಿಂದಿನ ರಾತ್ರಿಯೇ, ಬಾಗಿಲ ಹೊರಗಿಡಲು ಹೇಳುತ್ತಾರೆ. ಮುಚ್ಚುವ ಮುಂಚೆ ಮರುದಿನದ ಬಟ್ಟೆ, ಶೂ, ಹಲ್ಲುಜ್ಜುವ ಬ್ರಷ್, ಚಾರ್ಜರ್ ಹೊರಗಿವೆಯೇ ಎಂದು ನೋಡಿಕೊಳ್ಳಿ, ಗೋಡೆಯ ಪುಟ್ಟ ತಿಜೋರಿಯನ್ನೂ ಒಮ್ಮೆ ತೆರೆದು ಕೈಯಾಡಿಸಿ.