ಕಾಸರಗೋಡಿನ ಕಡಲ ಕೋಟೆಗಳನ್ನು ನೋಡುವುದು ಹೇಗೆ? ಹೊರಗಿನಿಂದ ಶುರು ಮಾಡಿ

ಬೇಕಲ ಕೋಟೆಗೆ ಹೋದವರಲ್ಲಿ ಹೆಚ್ಚಿನವರು ಟಿಕೆಟ್ ತೆಗೆದುಕೊಂಡು, ಸೀದಾ ನಡುವಿನ ಬುರುಜು ಹತ್ತಿ, ಹಿಂದೆ ಸಮುದ್ರ ಬರುವ ಹಾಗೆ ಒಂದು ಸೆಲ್ಫಿ ತೆಗೆದು ಇಳಿದು ಬರುತ್ತಾರೆ. ತಪ್ಪೇನಿಲ್ಲ, ಜಾಗ ಚೆಂದ ಇದೆ. ಆದರೆ ಅದು ಯುದ್ಧಕ್ಕೆ ಅಂತ ಕಟ್ಟಿದ್ದು ಅಲ್ವಾ? ಹಾಗಾಗಿ ಶತ್ರುವಿನ ಕಡೆಯಿಂದ ನೋಡಿ. ಇದನ್ನು ಹಿಡಿಯಲು ಬಂದವನಿಗೆ ಏನು ಕಾಣುತ್ತಿತ್ತು, ಎಲ್ಲಿ ನಿಂತರೆ ಅವನ ಮೇಲೆ ಗುಂಡು ಬೀಳುತ್ತಿತ್ತು ಅಂತ ಕೇಳಿಕೊಳ್ಳುತ್ತಾ ಹೋದರೆ ಸುಮ್ನೆ ಬಿದ್ದಿರುವ ಗೋಡೆಗಳೂ ಅರ್ಥ ಆಗತೊಡಗುತ್ತವೆ.

ಇತಿಹಾಸ ಇಷ್ಟು ಗೊತ್ತಿದ್ದರೆ ಸಾಕು. ಯಾವ ಕೋಟೆ ತೋರಿಸಿದರೂ ಜನ 'ಟಿಪ್ಪುವಿನ ಕೋಟೆ' ಅಂದುಬಿಡುತ್ತಾರೆ. ಆದರೆ ಬೇಕಲ ಮತ್ತು ಚಂದ್ರಗಿರಿ ಕೆಳದಿಯ ಶಿವಪ್ಪ ನಾಯಕನ ಕಾಲದವು, ಅಂದರೆ 17ನೇ ಶತಮಾನ. ಕಾಞಂಗಾಡಿನ ಹೊಸದುರ್ಗ ಕೋಟೆ ಅದೇ ಮನೆತನದ ಸೋಮಶೇಖರ ನಾಯಕನದ್ದು. 1763ರಲ್ಲಿ ಹೈದರಾಲಿ ಕೆಳದಿಯವರ ರಾಜಧಾನಿ ಬಿದನೂರು ಗೆದ್ದ ಮೇಲೆ ಇವು ಮೈಸೂರಿನವರ ಕೈಗೆ ಬಂದವು. 1799ರಲ್ಲಿ ಟಿಪ್ಪು ಬಿದ್ದ ಮೇಲೆ ಇಂಗ್ಲಿಷರ ಆಳ್ವಿಕೆ. 1956ರ ತನಕ ಇದೆಲ್ಲ ದಕ್ಷಿಣ ಕನ್ನಡ ಜಿಲ್ಲೆಯಲ್ಲೇ ಇತ್ತು.

ಬೇಕಲದಿಂದ ಶುರು ಮಾಡಿ. ಕಾಸರಗೋಡಿನಿಂದ ಸುಮಾರು 16 ಕಿ.ಮೀ. ದಕ್ಷಿಣಕ್ಕೆ, ಬಸ್ ಬೇಕಾದಷ್ಟಿದೆ. ಒಳಗೆ ನೆರಳು ಕಡಿಮೆ, ಹಾಗಾಗಿ ಬೆಳಿಗ್ಗೆ ಬಾಗಿಲು ತೆರೆದ ಕೂಡಲೇ ಹೋಗುವುದು ಒಳ್ಳೆಯದು. ಟಿಕೆಟ್ ಕೌಂಟರಿಗೆ ಹೋಗುವ ಮೊದಲು ಪಳ್ಳಿಕ್ಕೆರೆ ಬೀಚಿನ ಕಡೆಯಿಂದ ಒಂದು ಸಲ ಕೋಟೆಯನ್ನು ನೋಡಿ. ಬಹುಪಾಲು ಗೋಡೆ ಸಮುದ್ರಕ್ಕೆ ಮುಖ ಮಾಡಿದೆ. ಆ ಬದಿಯನ್ನು ಅಲೆ, ಬಂಡೆಗಳೇ ಅರ್ಧ ಕಾಯುತ್ತವೆ. ಭಯ ಇದ್ದದ್ದು ನೆಲದ ಕಡೆಯಿಂದ. ಅದಕ್ಕೇ ಕಂದಕ, ಅದಕ್ಕೇ ಬಾಗಿಲ ದಾರಿ ನೇರ ಇಲ್ಲದೆ ಸೊಟ್ಟ ಸೊಟ್ಟ ತಿರುಗುತ್ತದೆ. ಆ ತಿರುವಿನಲ್ಲಿ ನಿಂತು ತಲೆ ಎತ್ತಿ ನೋಡಿ: ಓಡಿಕೊಂಡು ಬಂದ ದಂಡು ಇಲ್ಲಿ ವೇಗ ಕಳಕೊಳ್ಳಲೇಬೇಕು, ಅಷ್ಟರಲ್ಲಿ ಮೇಲಿನವರಿಗೆ ಅವರು ಸಿಕ್ಕಿಬೀಳುತ್ತಾರೆ. ಬಾಗಿಲ ಬಳಿಯ ಮುಖ್ಯಪ್ರಾಣನ ಗುಡಿಯನ್ನೂ ನೋಡಿಕೊಳ್ಳಿ.

ಒಳಗೆ ಹೋದ ಮೇಲೆ ಎಲ್ಲಕ್ಕಿಂತ ಜಾಸ್ತಿ ಹೊತ್ತು ಕೊಡಬೇಕಾದ್ದು ಹೊರಗೋಡೆಯ ಕಿಂಡಿಗಳಿಗೆ. ದೂರದಿಂದ ಎಲ್ಲ ಒಂದೇ ಥರದ ತೂತು. ಹತ್ತಿರ ಹೋಗಿ ಮೊಣಕಾಲೂರಿ ಒಂದು ಕಣ್ಣು ಮುಚ್ಚಿ ನೋಡಿ. ಮೇಲಿನ ಕಿಂಡಿಯಲ್ಲಿ ಕಾಣುವುದು ದೂರದ ಜಾಗ, ಅದರ ಕೆಳಗಿನದ್ದರಲ್ಲಿ ಇನ್ನೂ ಹತ್ತಿರದ್ದು, ತೀರಾ ಕೆಳಗಿನದು ಗೋಡೆಯ ಬುಡಕ್ಕೇ ಇಳಿಯುತ್ತದೆ. ಅಂದರೆ ಶತ್ರು ಹತ್ತಿರ ಬಂದಂತೆಲ್ಲ ಕೋವಿ ಹಿಡಿದವನು ಕಿಂಡಿ ಬದಲಾಯಿಸುತ್ತಾ ಬರುತ್ತಿದ್ದ, ಗೋಡೆಗೆ ಅಂಟಿ ನಿಂತರೂ ಉಳಿಗಾಲ ಇಲ್ಲ. ಇಡೀ ಕೋಟೆಯಲ್ಲಿ ನನಗೆ ಅತಿ ಇಷ್ಟದ ಜಾಗ ಇದು, ಬುರುಜಿಗಿಂತಲೂ. ಮಕ್ಕಳನ್ನು ಕರಕೊಂಡು ಹೋದರೆ ಒಬ್ಬನನ್ನು ಆಚೆ ಓಡಿಸಿ, ಇನ್ನೊಬ್ಬನನ್ನು ಕಿಂಡಿ ಹತ್ತಿರ ಕೂರಿಸಿ. ಪಾಠ ಹೇಳುವ ಕೆಲಸವೇ ಇರುವುದಿಲ್ಲ.

ಆಮೇಲೆ ಮದ್ದಿನ ಮನೆ, ಮೆಟ್ಟಿಲಿರುವ ಕೆರೆ. ಮುತ್ತಿಗೆ ಬಿದ್ದರೆ ಫಿರಂಗಿಗಿಂತ ಮೊದಲು ನೀರು ಬೇಕು, ಕೆರೆಯನ್ನು ಆ ಲೆಕ್ಕದಲ್ಲಿ ನೋಡಿ. ಬುರುಜನ್ನು ಕೊನೆಗೆ ಇಟ್ಟುಕೊಳ್ಳಿ. ಅದನ್ನು ಹತ್ತಲು ಮೆಟ್ಟಿಲಲ್ಲ, ಅಗಲವಾದ ಇಳಿಜಾರು ದಾರಿ ಇದೆ. ಭಾರದ ಸಾಮಾನು ಮೇಲೆ ಸಾಗಿಸಬೇಕಾದ ಕಡೆ ಮೆಟ್ಟಿಲಿಗಿಂತ ಇದೇ ಸಲೀಸು. ಸುರಂಗದ ಬಾಯಿ ಕಂಡರೆ ಒಳಗೆ ನುಗ್ಗಬೇಡಿ. ಬಾವಲಿ, ಹಾವು ಎರಡಕ್ಕೂ ಅಂಥ ಜಾಗ ಇಷ್ಟ.

ಮಧ್ಯಾಹ್ನದ ಬಿಸಿಲಿಗೆ ಹೊಸದುರ್ಗ ಸಾಕು, ಬೇಕಲದಿಂದ ಸುಮಾರು 12 ಕಿ.ಮೀ. ಪೇಟೆ ಕೋಟೆಯನ್ನು ನುಂಗಿಬಿಟ್ಟಿದೆ, ದುಂಡನೆಯ ಕೊತ್ತಲಗಳು ಅಲ್ಲಲ್ಲಿ ಉಳಿದಿವೆ. ಹತ್ತಿರದ ನಿತ್ಯಾನಂದಾಶ್ರಮದ ಗುಹೆಗಳನ್ನು ಯಾರಾದರೂ ಕೋಟೆಯ ಗುಪ್ತ ದಾರಿ ಅಂದರೆ ನಂಬಬೇಡಿ. ಅವು 20ನೇ ಶತಮಾನದವು, ಧ್ಯಾನಕ್ಕೆ ಕೊರೆದದ್ದು.

ಸಂಜೆಗೆ ಚಂದ್ರಗಿರಿ. ಕೋಟೆ ಇರುವುದು ಚಂದ್ರಗಿರಿ ಹೊಳೆಯ ದಕ್ಷಿಣ ದಡದ ಗುಡ್ಡದ ಮೇಲೆ. ಈ ಹೊಳೆ ತುಳುನಾಡಿಗೂ ದಕ್ಷಿಣದ ಕೋಲತ್ತಿರಿ ಅರಸರ ಕೋಲತ್ತುನಾಡಿಗೂ ನಡುವಿನ ಗೆರೆ ಅಂತ ಹಿಂದಿನಿಂದ ಎಣಿಸಿದ್ದು. ಹಾಗಿರುವಾಗ ಉತ್ತರದಿಂದ ಬಂದ ನಾಯಕರು ಕೋಟೆಯನ್ನು ಹೊಳೆಯ ಈಚೆ ಕಟ್ಟಲಿಲ್ಲ, ದಾಟಿ ಆಚೆ ಕಟ್ಟಿದರು. ಮೇಲೆ ನಿಂತರೆ ಕಾರಣ ಗೊತ್ತಾಗುತ್ತದೆ: ಹೊಳೆ, ಅಳಿವೆ, ಕಡಲು, ಉತ್ತರ ದಡದ ಕಾಸರಗೋಡು ಎಲ್ಲ ಒಂದೇ ನೋಟಕ್ಕೆ. ಯಾವ ದೋಣಿಯೂ ಕಣ್ಣು ತಪ್ಪಿಸಿ ಒಳಗೆ ಬರುವ ಹಾಗಿಲ್ಲ. ಜನಸಂದಣಿ ಬೇಕಲದಷ್ಟಿಲ್ಲ. ನೀರು ನೀವೇ ತಗೊಂಡು ಹೋಗಿ.

ಕುಂಬಳೆಯ ಆರಿಕ್ಕಾಡಿ ಕೋಟೆ ಉತ್ತರಕ್ಕೆ, ಹೆದ್ದಾರಿ ಪಕ್ಕ. ಮಂಗಳೂರಿಗೆ ಹೋಗುವ ದಿನ ನೋಡಿಕೊಂಡರಾಯಿತು.

ಮಳೆಗಾಲದಲ್ಲಿ ಬರಲೇಬೇಡಿ ಅಂತೀನಿ. ಎಲ್ಲ ಮುರಕಲ್ಲಿನ (ಜಂಬಿಟ್ಟಿಗೆಯ) ಗೋಡೆ, ಪಾಚಿ ಹಿಡಿದರೆ ಕಾಲಿಟ್ಟ ಕಡೆ ಜಾರುತ್ತದೆ. ಡಿಸೆಂಬರಿನಿಂದ ಫೆಬ್ರವರಿ ಒಳ್ಳೆಯದು: ಹುಲ್ಲು ಒಣಗಿರುತ್ತದೆ, ಕಂದಕದ ಅಂಚು ಸರಿಯಾಗಿ ಕಾಣುತ್ತದೆ. ಗೋಡೆಯ ತುದಿಯಲ್ಲಿ ನಡೆಯುವುದು, ಕಲ್ಲಿನ ಮೇಲೆ ಹೆಸರು ಕೆತ್ತುವುದು ಬೇಡ. ಬೇಕಲ ಪುರಾತತ್ವ ಸರ್ವೇಕ್ಷಣೆಯ ಸಂರಕ್ಷಿತ ಸ್ಮಾರಕ. ಹಾಳು ಮಾಡಿದರೆ ಎರಡು ವರ್ಷದ ತನಕ ಜೈಲು ಅಥವಾ ಒಂದು ಲಕ್ಷದ ತನಕ ದಂಡ, ಎರಡೂ ಆಗಬಹುದು. ಟ್ರೈಪಾಡ್, ಡ್ರೋನ್ ತರುವುದಿದ್ದರೆ ಮೊದಲೇ ಅನುಮತಿ ಪಡೆಯಿರಿ. ಇನ್ನು ನಿಧಿಯ ಮಾತು ಎತ್ತುವ ಒಬ್ಬ ದೋಸ್ತ ಪ್ರತಿ ಗುಂಪಿನಲ್ಲೂ ಇರುತ್ತಾನೆ. ಅವನಿಗೆ ಕೇರಳದಲ್ಲಿ 1968ರ ನಿಧಿ ಕಾಯ್ದೆ ಇದೆ ಅಂತ ಬಸ್ ಹತ್ತುವ ಮೊದಲೇ ಹೇಳಿಬಿಡಿ. ಹಾರೆ ಮನೆಯಲ್ಲೇ ಇರಲಿ.