"ಪಿಎಫ್ ಬ್ಯಾಡ್ರಿ ಸರ್, ಕೈಗೇ ಕೊಟ್ಬಿಡ್ರಿ"

ದಾವಣಗೆರೆಯ ಗಾರ್ಮೆಂಟ್ಸ್ ಒಂದರಲ್ಲಿ ನಾನು ಎಚ್‌ಆರ್. ಹೊಸದಾಗಿ ಸೇರುವ ಹೆಣ್ಣುಮಕ್ಕಳಲ್ಲಿ ಅರ್ಧಕ್ಕರ್ಧ ಜನ ನನ್ನ ಮುಂದೆ ಹೇಳುವ ಮೊದಲ ಮಾತೇ ಮೇಲಿನದು. ಅವರ ಕಣ್ಣಿಗೆ ನಾನು ಪಿಎಫ್ (ಭವಿಷ್ಯ ನಿಧಿ) ಅಂತ ಸಂಬಳದಲ್ಲಿ ರೊಕ್ಕ ಹಿಡಿಯುವವನು, ಅಷ್ಟೇ.

ಎಂಎಸ್‌ಡಬ್ಲ್ಯೂ (ಸಮಾಜಕಾರ್ಯ ಸ್ನಾತಕೋತ್ತರ) ಪಾಠದಲ್ಲಿ ಈ ಕೆಲಸದ ಕತೆಯೇ ಬೇರೆ ಇತ್ತು. ಹಿಂದೆ ಗಿರಣಿಗಳಲ್ಲಿ ಆಳು ಸೇರಿಸೋದು, ಬಿಡಿಸೋದು ಎಲ್ಲಾ ಜಾಬರ್ ಎಂಬ ಮೇಸ್ತ್ರಿಯ ಕೈಯಲ್ಲಿ. ಅವನ ಕೈ ಬೆಚ್ಚಗೆ ಮಾಡಿದವರಿಗೆ ಕೆಲಸ. ಇದನ್ನು ತಪ್ಪಿಸಲು ಲೇಬರ್ ಆಫೀಸರ್‌ಗಳನ್ನು ನೇಮಿಸಿ ಎಂದು 1931ರಲ್ಲಿ ಕಾರ್ಮಿಕರ ಸ್ಥಿತಿಗತಿ ಪರಿಶೀಲಿಸಿದ ವಿಟ್ಲಿ ಆಯೋಗ ಹೇಳಿತು. 500 ಕಾರ್ಮಿಕರಿರುವ ಕಡೆ ಕಲ್ಯಾಣಾಧಿಕಾರಿ ಇರಲೇಬೇಕು ಎಂದು 1948ರ ಕಾರ್ಖಾನೆ ಕಾಯ್ದೆ ಹೇಳಿತು. ಆಮೇಲೆ ಪರ್ಸೊನೆಲ್ (ಸಿಬ್ಬಂದಿ) ಆಫೀಸರ್ ಬಂದ, ಈಗ ಎಚ್‌ಆರ್. ಬೋರ್ಡು ಬದಲಾಯಿತು. ಕಲ್ಯಾಣ ಮಾತ್ರ ಎಷ್ಟೋ ಕಡೆ ಫೈಲಿನಲ್ಲೇ ಉಳಿಯಿತು ಅಂತ ನನ್ನ ಅನಿಸಿಕೆ.

ಹಾಗಾಗಿ ನಾನು ಭಾಷಣ ಬಿಟ್ಟು ಲೆಕ್ಕ ಹಿಡಿದೆ. ಸೇರುವ ದಿನವೇ ಚೀಟಿಯಲ್ಲಿ ಬರೆದು ತೋರಿಸುತ್ತೇನೆ. ಸಂಬಳ 10,000 ಅಂದುಕೊಳ್ಳಿ. ಪಿಎಫ್‌ಗೆ ನಿಮ್ಮದು 1,200, ಕಂಪನಿಯದೂ 1,200. ಕಂಪನಿಯ ಪಾಲಿನಲ್ಲಿ 833 ಪಿಂಚಣಿಗೆ ಹೋಗುತ್ತದೆ. ಇಎಸ್‌ಐಗೆ (ಕಾರ್ಮಿಕರ ಆರೋಗ್ಯ ವಿಮೆ) ನಿಮ್ಮದು 75, ಕಂಪನಿಯದು 325. "ನೀವು ಬ್ಯಾಡ ಅಂದ್ರೆ ಕಂಪನಿ ರೊಕ್ಕನೂ ಹೋಗುತ್ತೆ ಅಕ್ಕ" ಅಂದರೆ ಸಾಕು, ಚೀಟಿ ಮಡಚಿ ಬ್ಲೌಸಿನೊಳಗೆ ಇಟ್ಟುಕೊಳ್ಳುತ್ತಾರೆ. ಹಾಗಂತ ಇದು ಅವರ ಇಷ್ಟಕ್ಕೆ ಬಿಟ್ಟದ್ದೇನಲ್ಲ, ಕಾನೂನೇ ಕಟ್ಟಬೇಕು ಅನ್ನುತ್ತದೆ. ಆದರೆ ಒಪ್ಪಿಸಿ ಹಿಡಿಯೋದಕ್ಕೂ ಸುಮ್ನೆ ಹಿಡಿಯೋದಕ್ಕೂ ವ್ಯತ್ಯಾಸ ಇದೆ, ಅಲ್ವಾ?

ನನ್ನ ಜಾಸ್ತಿ ಸಮಯ ತಿನ್ನುವುದು ಹೆಸರು. ಆಧಾರ್‌ನಲ್ಲಿ ಒಂಥರ, ಬ್ಯಾಂಕ್ ಪಾಸ್‌ಬುಕ್ಕಿನಲ್ಲಿ ಇನ್ನೊಂಥರ. ಒಂದರಲ್ಲಿ ಅಪ್ಪನ ಇನಿಷಿಯಲ್, ಇನ್ನೊಂದರಲ್ಲಿ ಗಂಡನ ಹೆಸರು. ಹುಟ್ಟಿದ ದಿನ ಕೇಳಿದರೆ ಬಹಳ ಜನರದ್ದು ಜನವರಿ 1. ಇದನ್ನು ಯುಎಎನ್ (ಪಿಎಫ್‌ನ ಕಾಯಂ ನಂಬರ್) ಮಾಡಿಸುವ ಮೊದಲೇ ಸರಿಮಾಡಿಸಬೇಕು. ಆಮೇಲೆ ಅಂದರೆ, ಮಗಳ ಮದುವೆಗೆ ದುಡ್ಡು ತೆಗೆಯಲು ಹೋದಾಗಲೇ ಅರ್ಜಿ ತಿರುಗಿ ಬರುವುದು. ಆಧಾರ್ ತಿದ್ದಿಸಿಕೊಂಡು ಬರಲು ಅರ್ಧ ದಿನ ಬಿಡಿ ಎಂದು ಮಾಲೀಕರನ್ನು ಒಪ್ಪಿಸಿದ್ದು ನನ್ನ ಲೆಕ್ಕದಲ್ಲಿ ದೊಡ್ಡ ಗೆಲುವು. ನೇಮಕಾತಿ, ಟ್ರೈನಿಂಗ್ ಎಲ್ಲಾ ಇದ್ದದ್ದೇ.

ಇನ್ನೊಂದು ತಲೆನೋವು ಹಾಜರಿ. ಮೆಕ್ಕೆಜೋಳದ ಬಿತ್ತನೆ ಬಂತೆಂದರೆ ಹಳ್ಳಿ ಕಡೆಯಿಂದ ಬರುವವರ ಮೆಷಿನ್‌ಗಳು ಖಾಲಿ. ನೋಟಿಸ್ ಕೊಟ್ಟರೆ ಕೆಲಸವನ್ನೇ ಬಿಟ್ಟು ಹೋಗುತ್ತಾರೆ. ಇಲ್ಲಿ ನನ್ನ ಕೈ ಹಿಡಿದದ್ದು ಇಎಸ್‌ಐ ನಿಯಮ. ಏಪ್ರಿಲ್‌ನಿಂದ ಸೆಪ್ಟೆಂಬರ್ ಒಳಗೆ ಸಂಬಳ ಸಿಗುವ 78 ದಿನ ತುಂಬಿದ್ದರೆ, ಮುಂದಿನ ಜನವರಿಯಿಂದ ಜೂನ್‌ವರೆಗೆ ಕಾಯಿಲೆ ಬಿದ್ದಾಗ ಸಂಬಳದ ಶೇ. 70ರಷ್ಟು ಸಿಗುತ್ತದೆ. ಯಾರಿಗೆ ಎಷ್ಟು ದಿನ ಕಡಿಮೆ ಬೀಳುತ್ತಿದೆ ಎಂದು ಪಟ್ಟಿ ಮಾಡಿ, ಊಟದ ಬಿಡುವಿನಲ್ಲಿ ಒಬ್ಬೊಬ್ಬರನ್ನೇ ಕರೆದು ಹೇಳತೊಡಗಿದೆ. "ಇನ್ನು ಎಂಟು ದಿನ ಬಂದ್ಬಿಡಕ್ಕ, ಆಮೇಲೆ ರಜೆ ತಗೋ."

ಸೂಪರ್‌ವೈಸರ್‌ಗಳು ಮೊದಮೊದಲು ನಕ್ಕರು. ಈಗ ಆಗಸ್ಟ್ ಬಂದರೆ ಆ ಪಟ್ಟಿಯನ್ನು ಅವರೇ ಕೇಳಿ ಪಡೆಯುತ್ತಾರೆ. ಕಾಳಜಿ ಅಂತೇನೂ ಅಲ್ಲ, ಅವರಿಗೆ ಹೊಲಿಗೆ ಲೈನ್ ತುಂಬಬೇಕು. ನನಗೆ ಅದೂ ನಡೆಯುತ್ತದೆ.